ತಾಂತ್ರಿಕ ಪುಸ್ತಕಗಳ ಆನ್‌ಲೈನ್ ಚಂದಾ: ಪಾವಗಡದ ವಿದ್ಯಾರ್ಥಿ ಡಾಲರ್ ಲೆಕ್ಕದಲ್ಲಿ ಯಾಕೆ ಓದಬೇಕು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿಂದ ತುಮಕೂರಿಗೋ ಬೆಂಗಳೂರಿಗೋ ಎಂಜಿನಿಯರಿಂಗ್ ಓದಲು ಹೋಗುವವರು ನನ್ನನ್ನು ಆಗಾಗ ಕೇಳುವ ಪ್ರಶ್ನೆ: ಆನ್‌ಲೈನ್ ತಾಂತ್ರಿಕ ಗ್ರಂಥಾಲಯಕ್ಕೆ ದುಡ್ಡು ಕಟ್ಟಿದರೆ ಲಾಭ ಇದೆಯಾ? ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಾಗಿ ನನ್ನ ನೇರ ಉತ್ತರ: ವಿದ್ಯಾರ್ಥಿ ಸ್ವಂತ ಜೇಬಿನಿಂದ ಕಟ್ಟುವುದು ಬೇಡ.

ಓರೈಲಿಯನ್ನೇ ನೋಡಿ. 2001ರಲ್ಲಿ ಪಿಯರ್ಸನ್ ಜೊತೆ ಸೇರಿ 'ಸಫಾರಿ ಬುಕ್ಸ್ ಆನ್‌ಲೈನ್' ಎಂದು ಶುರುವಾದ ಸೇವೆ ಇದು. ಹಲವು ಪ್ರಕಾಶಕರ ಸಾವಿರಾರು ಪುಸ್ತಕ, ವಿಡಿಯೊ ಒಂದೇ ಕಡೆ ಸಿಗುತ್ತವೆ. ಒಬ್ಬರ ಚಂದಾ ತಿಂಗಳಿಗೆ 49 ಡಾಲರ್, ವರ್ಷಕ್ಕೆ 499. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 42,415 ರೂಪಾಯಿ. ಒಂದು ಪುಸ್ತಕಕ್ಕೆ 1,500 ರೂಪಾಯಿ ಎಂದುಕೊಂಡರೆ ಅಷ್ಟು ದುಡ್ಡಿಗೆ 28 ಪುಸ್ತಕ ಕೊಳ್ಳಬಹುದು. ಕೊಂಡ ಪುಸ್ತಕ ಮನೆಯಲ್ಲಿರುತ್ತೆ, ತಂಗಿಯೂ ಓದುತ್ತಾಳೆ. ಚಂದಾ ಅನ್ನೋದು ಬಾಡಿಗೆ. ಕಟ್ಟೋದು ನಿಲ್ಲಿಸಿದ ದಿನ ಬಾಗಿಲು ಮುಚ್ಚುತ್ತೆ.

ಹಾಗಾದರೆ ಯಾರಿಗೆ ಲಾಭ? ಹತ್ತು ಪುಸ್ತಕಗಳಿಂದ ಎರಡೆರಡು ಅಧ್ಯಾಯ ಬೇಕಾಗುವ, ಬೇಗ ಬದಲಾಗುವ ತಂತ್ರಜ್ಞಾನದಲ್ಲಿ ಕೆಲಸ ಮಾಡುವವರಿಗೆ. ಅವರೂ ಮೊದಲು ಕಂಪನಿಯನ್ನು ಕೇಳಲಿ. ಹೊಸದಾಗಿ ಕಲಿಯುವವರಿಗೆ ಬೇಕಾದದ್ದು ಒಂದೋ ಎರಡೋ ಪುಸ್ತಕ, ಮತ್ತೆ ಮತ್ತೆ ಅಭ್ಯಾಸ. ಪೈಥಾನ್‌ಗೆ 'ಥಿಂಕ್ ಪೈಥಾನ್', ಗಿಟ್‌ಗೆ 'ಪ್ರೊ ಗಿಟ್', ಆಪರೇಟಿಂಗ್ ಸಿಸ್ಟಂಗೆ 'ತ್ರೀ ಈಸಿ ಪೀಸಸ್': ಮೂರನ್ನೂ ಲೇಖಕರೇ ಉಚಿತವಾಗಿ ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಎನ್‌ಪಿಟೆಲ್ ಪಾಠಗಳೂ ಉಚಿತ, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ನಿಮ್ಮದು ವಿಟಿಯು ಕಾಲೇಜಾದರೆ ಇ-ಸಂಪನ್ಮೂಲಗಳ ಲಾಗಿನ್ ಕೊಡಿ ಅಂತ ಗ್ರಂಥಪಾಲಕರನ್ನು ಕೇಳಿ.

ಆದರೆ 'ಉಚಿತವಾದ್ದು ಇದೆಯಲ್ಲ, ಸುಮ್ಮನಿರಿ' ಅನ್ನುವುದು ನನ್ನ ಮಾತಲ್ಲ. ಹೊಸ ವಿಷಯಗಳ ಒಳ್ಳೆಯ ಪುಸ್ತಕಗಳು ಹೆಚ್ಚಾಗಿ ಬೀಗದ ಒಳಗೇ ಇವೆ. ಅಮೆರಿಕದ ಹಲವು ಸಾರ್ವಜನಿಕ ಗ್ರಂಥಾಲಯಗಳು ಇದೇ ಓರೈಲಿಯನ್ನು ಕಾರ್ಡ್ ಇದ್ದವರಿಗೆ ಪುಕ್ಕಟೆ ಕೊಡುತ್ತವೆ. ದುಡ್ಡು ಕಟ್ಟೋದು ಗ್ರಂಥಾಲಯ, ಓದುಗ ಅಲ್ಲ.

ನಮ್ಮಲ್ಲೂ ಆ ದಾರಿ ಗೊತ್ತಿಲ್ಲದ್ದೇನಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸಿಗುತ್ತವೆ. ಆದರೆ ಅದು ಸಂಶೋಧನಾ ಪತ್ರಿಕೆಗಳಿಗೆ, ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನಲ್ಲಿ ಓದುವ ಕೊರಟಗೆರೆ ಹುಡುಗಿಗೆ ಪಠ್ಯಪುಸ್ತಕ ಅದರಿಂದ ಸಿಗಲ್ಲ.

ಇನ್ನು ರಾಜ್ಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಅಂದರೆ ಶಿರಾದಲ್ಲಿ, ಮಧುಗಿರಿಯಲ್ಲಿ ನಿಮ್ಮ ಮನೆಯವರು ಗ್ರಂಥಾಲಯದ ಚಂದಾ ಆಗಲೇ ಕಟ್ಟುತ್ತಿದ್ದಾರೆ. ಆ ದುಡ್ಡಿನಲ್ಲಿ ಒಂದು ಸಾಮೂಹಿಕ ತಾಂತ್ರಿಕ ಚಂದಾ ಯಾಕಾಗಬಾರದು? 2,050 ಮೆಗಾವಾಟ್ ಸೋಲಾರ್ ಪಾರ್ಕ್‌ಗೆ ಜಮೀನು ಕೊಟ್ಟ ಪಾವಗಡದ ಮಕ್ಕಳು ಆ ತಂತ್ರಜ್ಞಾನದ ಪುಸ್ತಕ ಕೇಳಿದರೆ ಅದು ದುಬಾರಿ ಆಸೆಯೇನಲ್ಲ.

ಕಾರ್ಡ್ ನಂಬರ್ ಹಾಕುವ ಮೊದಲು ಪುರಸಭೆ, ನಗರಸಭೆಗೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ: ಕಳೆದ ವರ್ಷ ಎಷ್ಟು ಗ್ರಂಥಾಲಯ ಕರ ಬಂತು, ಗ್ರಂಥಾಲಯಕ್ಕೆ ಎಷ್ಟು ಹೋಯ್ತು? ಅರ್ಜಿ ಶುಲ್ಕ 10 ರೂಪಾಯಿ.