ಸಕ್ಕರೆ ನಾಡಿಗೆ ‘ಶಕ್ಕರ್’: ಹೊಸ ಆಲ್ಬಂ ಹಳೇ ನೆನಪು ಕೆದಕೋದು ಹೇಗೆ?

ಮದ್ದೂರಲ್ಲಿ ರೈಲು ಹತ್ತಿ ಬಾಗಿಲ ಹತ್ತಿರವೇ ನಿಂತು ಇದನ್ನ ಕೇಳ್ತಿರೋರಿಗೆ, ಮಳವಳ್ಳಿ ಬಸ್ಸಲ್ಲಿ ಕಿಟಕಿ ಸೀಟು ಹಿಡಿದ ಅದೃಷ್ಟವಂತರಿಗೆ, ಮಂಡ್ಯದಲ್ಲಿ ಕಾಲೇಜು ಮುಗಿಸಿ ಟೀ ಅಂಗಡಿ ಮುಂದೆ ಕೂತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ರಾಕ್ ಸಂಗೀತ. ರಘು ದೀಕ್ಷಿತ್ ಅವರ ಮೂರನೇ ಆಲ್ಬಂ ಹೆಸರು ‘ಶಕ್ಕರ್’. ಶಕ್ಕರ್ ಅಂದ್ರೆ ಸಕ್ಕರೆ. 1933ರಲ್ಲೇ ಮೈಷುಗರ್ ಕಂಪನಿ ಶುರುವಾದ ಊರಿನ ಕಡೆಯವನಾಗಿ ಹೆಸರು ಕೇಳಿದ ತಕ್ಷಣ ಕಿವಿ ನಿಮಿರಿತು, ಸುಳ್ಳು ಹೇಳಲ್ಲ. ‘ಶಕ್ಕರ್ ಕಿ ಪುಡಿಯಾ’ ಅನ್ನೋ ಹಾಡು ಇದರದ್ದೇ. ಅವರ ಎರಡನೇ ಆಲ್ಬಂ ‘ಜಗ್ ಚಂಗಾ’ ಬಂದಿದ್ದು 2013ರಲ್ಲಿ. ಆಗ ಮೂರನೇ ಕ್ಲಾಸಲ್ಲಿ ಇದ್ದೋರು ಈಗ ಡಿಗ್ರಿ ಓದ್ತಿದ್ದಾರೆ. ಅಷ್ಟು ಗ್ಯಾಪ್.

ಹೊಸ ಆಲ್ಬಂ ಬಂದಾಗ ತುಂಬಾ ಜನ ಏನ್ ಮಾಡ್ತಾರೆ? ಒಂದೆರಡು ಹಾಡು ಕೇಳಿ, ಅದೇ ಗಾಯಕರ ಹಳೇ ಹಾಡಿಗೆ ವಾಪಸ್ ಹೋಗ್ತಾರೆ. ಅದಕ್ಕೇ ನಾನಿವತ್ತು ವಿಮರ್ಶೆ ಮಾಡ್ತಿಲ್ಲ. ಒಂದು ಪ್ರಶ್ನೆ ಬಿಡಿಸೋಣ: ಗಿಟಾರು, ಡ್ರಮ್ಸು, ಬೇಸು, ಯಾವುದೂ ನಮ್ಮೂರಲ್ಲಿ ಹುಟ್ಟಿದ್ದಲ್ಲ. ಆದ್ರೂ ಈ ಥರದ ಹಾಡು ಕೇಳಿದಾಗ ಮಂಡ್ಯದ ಹುಡುಗ ಹುಡುಗಿಗೆ ‘ಇದು ನಮ್ಮದೇ ಹಳೇದು’ ಅನ್ಸೋದು ಯಾಕೆ?

ಮೊದಲ ಉತ್ತರ ಪದಗಳಲ್ಲಿದೆ. ರಘು ದೀಕ್ಷಿತ್ ಮೈಸೂರಲ್ಲಿ ಬೆಳೆದವರು. ಮೈಕ್ರೋಬಯಾಲಜಿ ಓದಿ, ಭರತನಾಟ್ಯವನ್ನೂ ಕಲಿತವರು. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಸ್ಟೇಜ್ ಹತ್ತುವ ರಾಕ್ ಗಾಯಕರು. 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಕಂಪನಿಯಿಂದ ಬಂದ ಅವರ ಮೊದಲ ಆಲ್ಬಂನಲ್ಲಿ ‘ಗುಡುಗುಡಿಯಾ ಸೇದಿ ನೋಡೋ’ ಇತ್ತು. ಸಾಹಿತ್ಯ ಶಿಶುನಾಳ ಶರೀಫರದ್ದು. ಶರೀಫರು ಹುಟ್ಟಿದ್ದು 1819, ತೀರಿಕೊಂಡಿದ್ದು 1889. ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಅವರ ಪದಗಳು ಹಳೇ ಮೈಸೂರಿನ ನಮ್ಮ ಮನೆಗಳಿಗೆ ಬಂದಿದ್ದು ಮುಖ್ಯವಾಗಿ ಸಿ. ಅಶ್ವಥ್ ಅವರ ಗಂಟಲಲ್ಲಿ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ, ಅದರ ಕ್ಯಾಸೆಟ್, ಗಣೇಶನ ಪೆಂಡಾಲು, ಮದುವೆ ಮನೆ. ಅಪ್ಪ ಅಮ್ಮ ಕೇಳಿದ್ದು, ನಾವು ಅವರ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದು. ಅದೇ ಶರೀಫರ ಪದಕ್ಕೆ ರಘು ದೀಕ್ಷಿತ್ ತಮ್ಮದೇ ಧಾಟಿ ಹಾಕಿ, ಗಿಟಾರ್ ಕೂಡಿಸಿದರು. ಅಂದ್ರೆ ಧಾಟಿ ಹೊಸದಾದ್ರೂ ಪದದ ಗುರುತು ಮೊದಲೇ ನಮ್ಮೊಳಗೆ ಇತ್ತು.

ಎರಡನೇ ಉತ್ತರ ಸದ್ದಲ್ಲಿದೆ. ರಾಕ್‌ನಲ್ಲಿ ‘ಹಳೇ ಸೌಂಡ್’ ಅಂತಾರಲ್ಲ, ಅದು ಮಾಯೆ ಅಲ್ಲ, ಮೆಷಿನ್ನಿನ ಕೆಲಸ. ಹಿಂದೆ ಗಿಟಾರಿನ ಆಂಪ್ಲಿಫೈಯರ್ ಒಳಗೆ ಗಾಜಿನ ವಾಲ್ವ್‌ಗಳಿರುತ್ತಿದ್ದವು. ಅದರ ಶಕ್ತಿ ಮೀರಿ ಸೌಂಡ್ ಕೊಟ್ಟರೆ ಸದ್ದು ಒಡೆದು ಗರಗರ ಅನ್ನುತ್ತೆ. ಅದಕ್ಕೇ ಡಿಸ್ಟಾರ್ಷನ್ ಅಂತಾರೆ. ರೆಕಾರ್ಡಿಂಗ್ ಟೇಪ್ ಮೇಲೂ ಹಾಗೇ. ಜೋರಾದ ಸದ್ದನ್ನ ಟೇಪು ಸ್ವಲ್ಪ ಅದುಮಿ, ಮೊನಚು ಕಮ್ಮಿ ಮಾಡಿ ಹಿಡಿಯುತ್ತೆ. ಜೊತೆಗೆ ಬ್ಯಾಂಡಿನವರೆಲ್ಲ ಒಂದೇ ರೂಮಲ್ಲಿ ಒಟ್ಟಿಗೆ ನುಡಿಸಿದ್ರೆ ತಾಳ ಕಂಪ್ಯೂಟರ್ ಥರ ಕರಾರುವಾಕ್ಕಾಗಿ ಓಡಲ್ಲ, ಉಸಿರಾಡುತ್ತೆ. ಇವತ್ತು ಯಾರಿಗೆ ಹಳೇ ರಾಕ್ ಸೌಂಡ್ ಬೇಕೋ ಅವರು ಈ ಮೂರನ್ನೂ ಬೇಕಂತಲೇ ವಾಪಸ್ ತರ್ತಾರೆ. ವಾಲ್ವ್, ಟೇಪು ಸಿಗದಿದ್ರೆ ಸಾಫ್ಟ್‌ವೇರಲ್ಲಿ ಅದರ ನಕಲು ಮಾಡ್ತಾರೆ.

ನಮ್ಮ ಕಡೆಯವರಿಗೆ ಇದನ್ನ ಬೇರೆ ಥರ ಹೇಳಬಹುದು. ಊರ ಹಬ್ಬದಲ್ಲಿ ತೆಂಗಿನ ಮರಕ್ಕೆ ಕಟ್ಟಿದ ಮೈಕ್‌ಸೆಟ್ ಹಾರನ್ನು ನೆನಪಿದೆಯಾ? ಅದರಲ್ಲಿ ಕೆಳಗಿನ ಗುಂ ಅನ್ನೋ ಸದ್ದು ಬರಲ್ಲ, ಮೇಲಿನ ನಯವೂ ಬರಲ್ಲ, ನಡುವಿನ ಕಂಠ ಮಾತ್ರ ಒಡೆದುಕೊಂಡು ಎರಡು ಊರಾಚೆ ಕೇಳುತ್ತೆ. ಅದೂ ಡಿಸ್ಟಾರ್ಷನ್ನೇ ಕಣ್ರೀ. ಲಂಡನ್ನಿನವರಿಗೆ ವಾಲ್ವ್ ಆಂಪ್ಲಿಫೈಯರ್ ಏನೋ, ನಮಗೆ ಹಾರನ್ ಅದು.

ಮೂರನೇ ಉತ್ತರಕ್ಕೆ ಮಳವಳ್ಳಿ ತಾಲ್ಲೂಕಿಗೆ ಹೋಗಬೇಕು. ಅಲ್ಲಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠ ಇದೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆ ಹಾಡೋರು ನೀಲಗಾರರು. ಬಸವಣ್ಣನ ಕಲ್ಯಾಣಕ್ಕೇ ಹೋಗಿ ಶರಣರ ಭಕ್ತಿಯನ್ನ ಪರೀಕ್ಷೆ ಮಾಡೋ ಗುರುವಿನ ಕಥೆ ಅದು. ಮುಖ್ಯ ಹಾಡುಗಾರ ತಂಬೂರಿ ಹಿಡಿದು ಕಥೆ ಎತ್ತಿಕೊಳ್ತಾನೆ, ಗಗ್ಗರ ಝಲ್ ಅನ್ನುತ್ತೆ, ಹಿಮ್ಮೇಳದವರು ದಮ್ಮಡಿ, ತಾಳದ ಜೊತೆ ಸೊಲ್ಲು ಹಿಡೀತಾರೆ. ರಾತ್ರಿಯಿಡೀ ನಡೆಯುತ್ತೆ. ಈಗ ಒಂದು ರಾಕ್ ಬ್ಯಾಂಡ್ ನೆನೆಸಿಕೊಳ್ಳಿ. ಮುಂದೆ ಒಬ್ಬ ಗಾಯಕ, ನಿಲ್ಲದೆ ಮೀಟೋ ತಂತಿ, ಬಡಿತ, ಎಲ್ಲರೂ ಸೇರಿ ಹೇಳೋ ಪಲ್ಲವಿ. ಚೌಕಟ್ಟು ಹೆಚ್ಚೂಕಮ್ಮಿ ಒಂದೇ. ಒಂದು ಇನ್ನೊಂದರಿಂದ ಬಂತು ಅಂತ ನಾನು ಹೇಳ್ತಿಲ್ಲ. ಆದ್ರೆ ಇಂಥ ಮೇಳ ಕೇಳಿ ಬೆಳೆದ ಕಿವಿಗೆ ರಾಕ್ ಪೂರ್ತಿ ಪರದೇಶಿ ಅನ್ಸಲ್ಲ, ಅಷ್ಟೇ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಹಳೇದು ಚೆನ್ನಾಗಿದೆ ಅಂತ ಎಲ್ಲರೂ ತಗೋತಾರೆ. ಆದ್ರೆ ಹಳೇದನ್ನ ಉಳಿಸಿದವರಿಗೆ ಏನು ಸಿಗುತ್ತೆ?

ಹೊರಗಿನ ಎರಡು ಉದಾಹರಣೆ ನೋಡಿ. ರೋಲಿಂಗ್ ಸ್ಟೋನ್ಸ್ 2023ರಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ತಂದರು. ಸ್ವಂತ ಹೊಸ ಹಾಡುಗಳ ಆಲ್ಬಂ ಅವರು ಮಾಡಿ 18 ವರ್ಷ ಆಗಿತ್ತು. ಮಿಕ್ ಜ್ಯಾಗರ್‌ಗೆ ಆಗಲೇ 80. ಆ ಆಲ್ಬಂನ ಕೊನೇ ಹಾಡು ಮಾತ್ರ ಅವರದ್ದಲ್ಲ, ಕಪ್ಪು ಜನಾಂಗದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ 1950ರ ಹಾಡು. ಬ್ಯಾಂಡಿಗೆ ಹೆಸರು ಬಂದಿದ್ದೇ ಆ ಹಾಡಿಂದ. ಹೆಸರು ಹೇಳಿ ಋಣ ತೀರಿಸಿದರು ಅನ್ನಬಹುದು. ಇನ್ನೊಂದು ಕಡೆ ಲೆಡ್ ಜೆಪ್ಲಿನ್. 1969ರ ಅವರ ದೊಡ್ಡ ಹಿಟ್ ‘ಹೋಲ್ ಲಾಟಾ ಲವ್’ನಲ್ಲಿ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ ಅವರ ಸಾಲುಗಳಿದ್ದವು, ಅವರ ಹೆಸರಿರಲಿಲ್ಲ. ಡಿಕ್ಸನ್ 1985ರಲ್ಲಿ ಕೇಸ್ ಹಾಕಿದರು, 1987ರಲ್ಲಿ ರಾಜಿ ಆಯ್ತು, ಆಮೇಲೆ ಹೆಸರು ಸೇರಿತು. ಡಿಕ್ಸನ್ ಗೆದ್ದಿದ್ದು ಹೇಗೆ? ಆ ಹಾಡು ಬರೆದಿದ್ದು ತಾನೇ ಅಂತ ತೋರಿಸೋಕೆ ಅವರ ಹತ್ರ ದಾಖಲೆ ಇತ್ತು.

ನಮ್ಮಲ್ಲಿ ಕಾನೂನು ಏನು ಹೇಳುತ್ತೆ? ಭಾರತದಲ್ಲಿ ಬರೆದವರು ತೀರಿಕೊಂಡು 60 ವರ್ಷದ ತನಕ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯ ಇರುತ್ತೆ. ಶರೀಫರ ಪದ ಯಾರು ಬೇಕಾದ್ರೂ ಹಾಡಬಹುದು, ಅದು ನಾಡಿನ ಆಸ್ತಿ. ಮಂಟೇಸ್ವಾಮಿ ಕಥೆಗಂತೂ ಇಂಥವರೇ ಬರೆದರು ಅನ್ನೋ ಹೆಸರೇ ಇಲ್ಲ. ಆದ್ರೆ ಗಮನಿಸಿ, ಹಾಡಿದವರಿಗೆ ಬೇರೆಯದೇ ಹಕ್ಕಿದೆ. ಅದನ್ನ ಪ್ರದರ್ಶಕರ ಹಕ್ಕು ಅಂತಾರೆ, ಅವಧಿ 50 ವರ್ಷ. 2012ರ ತಿದ್ದುಪಡಿ ಆದ ಮೇಲೆ, ತಮ್ಮ ಗಾಯನ ವ್ಯಾಪಾರಕ್ಕೆ ಬಳಕೆಯಾದ್ರೆ ರಾಯಲ್ಟಿ ಕೇಳೋ ಹಕ್ಕೂ ಇದೆ. ಆದ್ರೆ ಕೇಳಬೇಕು ಅಂದ್ರೆ ಮೊದಲು ‘ಹಾಡಿದ್ದು ನಾನು’ ಅಂತ ಎಲ್ಲಾದ್ರೂ ಬರೆದಿರಬೇಕಲ್ಲ?

ಕ್ಯಾಸೆಟ್ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿ ಅವರಂಥ ಹಾಡುಗಾರರ ಹೆಸರು, ಫೋಟೋ ಕವರ್ ಮೇಲೇ ಇರ್ತಿತ್ತು. ಮಾದಪ್ಪನ ಕಥೆ, ಮಂಟೇಸ್ವಾಮಿ ಕಥೆ ಅಂದ್ರೆ ಮೊದಲು ಅವರ ಹೆಸರೇ ಬಾಯಿಗೆ ಬರ್ತಿತ್ತು. ಈಗ ಅದೇ ಥರದ ಹಾಡಿನ 30 ಸೆಕೆಂಡ್ ತುಂಡು ರೀಲ್ಸಲ್ಲಿ ಓಡುತ್ತೆ, ಮೇಲೆ ಬೀಟ್ ಸೇರುತ್ತೆ, ಕೆಳಗೆ ‘ಜಾನಪದ’ ಅಂತ ಒಂದೇ ಪದ. ಹಾಡಿದವರು ಯಾರು, ಯಾವೂರಿನವರು, ಹಿಮ್ಮೇಳದಲ್ಲಿ ಯಾರಿದ್ರು? ಏನೂ ಇಲ್ಲ. ಜಾನಪದ ಅನ್ನೋದು ಯಾರ ಹೆಸರೂ ಅಲ್ಲ.

ನಮ್ಮ ಜಿಲ್ಲೆಯವರೇ, ನಾಗಮಂಗಲ ತಾಲ್ಲೂಕಿನ ಜೀ.ಶಂ. ಪರಮಶಿವಯ್ಯನವರು ಹಾಡುಗಾರರನ್ನ ಹುಡುಕಿಕೊಂಡು ಹೋಗಿ ಇಂಥ ಕಥೆಗಳನ್ನ ಸಂಗ್ರಹಿಸಿ ಅಚ್ಚಿಗೆ ತಂದವರು. ಈಗ ನಿಮ್ಮ ಜೇಬಲ್ಲೇ ರೆಕಾರ್ಡರ್ ಇದೆ. ಹಾಗಾಗಿ ನನ್ನ ಕಡೆಯಿಂದ ಒಂದು ಸಣ್ಣ ಕೆಲಸ. ನಿಮ್ಮೂರಲ್ಲಿ ತಂಬೂರಿ, ಕಂಸಾಳೆ ಹಿಡಿಯೋ ಹಿರೀಕರಿದ್ರೆ ಹೋಗಿ ಮಾತಾಡಿಸಿ. ಮೊದಲು ಒಪ್ಪಿಗೆ ಕೇಳಿ. ಫೋನನ್ನ ಹಾರನ್ ಮುಂದೆ ಹಿಡೀಬೇಡಿ, ಮೇಳದ ಪಕ್ಕ ಇಡಿ. ರೆಕಾರ್ಡಿಂಗ್ ಶುರುವಿಗೇ ಹಾಡೋರ ಬಾಯಲ್ಲೇ ಹೆಸರು, ಊರು, ಯಾರ ಹತ್ರ ಕಲಿತಿದ್ದು ಅಂತ ಹೇಳಿಸಿ, ತಾರೀಖು ನೀವು ಹೇಳಿ. ಹಿಮ್ಮೇಳದವರ ಹೆಸರೂ ಬಿಡಬೇಡಿ. ಚೆನ್ನಾಗಿರೋ ತುಂಡು ಮಾತ್ರ ಬೇಡ, ಪೂರ್ತಿ ಸಾಲು ಹಿಡೀರಿ. ಒಂದು ಕಾಪಿ ಅವರ ಮನೆಯವರ ಫೋನಿಗೂ ಹಾಕಿಕೊಡಿ. ಎಲ್ಲಾದ್ರೂ ಅಪ್‌ಲೋಡ್ ಮಾಡೋದಾದ್ರೆ ಅವರನ್ನ ಕೇಳಿಯೇ ಮಾಡಿ, ಹೆಸರು ಮೊದಲ ಸಾಲಲ್ಲೇ ಇರಲಿ.

‘ಶಕ್ಕರ್’ ಕೇಳಿ, ಇಷ್ಟ ಆದ್ರೆ ನಾಲ್ಕು ಜನಕ್ಕೆ ಹೇಳಿ. ಹಾಡಿನ ಕೆಳಗೆ ಸಾಹಿತ್ಯ ಯಾರದ್ದು, ವಯೋಲಿನ್ ಯಾರದ್ದು ಅಂತ ಬರೆದಿರ್ತಾರೆ, ಅದನ್ನೂ ಒಂದ್ಸಲ ಓದಿ. ಆ ಓದೋ ಅಭ್ಯಾಸ ಬಂದ್ರೆ, ಹೆಸರಿಲ್ಲದ ಹಾಡು ಕೇಳಿದಾಗ ಕೇಳೋ ಪ್ರಶ್ನೆಯೂ ತಾನಾಗೇ ಬರುತ್ತೆ: ಇದನ್ನ ಹಾಡಿದ್ದು ಯಾರು?

ನಿಮ್ಮೂರಿನ ಹಾಡುಗಾರರ ಬಗ್ಗೆ ಹೇಳೋಕಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನಿ.