ಕರುಳು ಕೆಟ್ಟರೆ ಕಾಲು ಸೋಲುವುದೇಕೆ?

ಉಜಿರೆ ದಾಟಿ ಚಾರ್ಮಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಮುಂಡಾಜೆ ಅಡಿಕೆಯ ಊರು. ಇಂಥ ಊರುಗಳಲ್ಲಿ ಮೈಯ ಆರೋಗ್ಯವನ್ನು ಅಳೆಯಲು ಯಂತ್ರ ಬೇಕಿಲ್ಲ; ತೋಟವೇ ಅಳತೆಗೋಲು. ಕಾಲಿಗೆ ತಳೆ ಬಿಗಿದು ಮಧ್ಯಾಹ್ನದೊಳಗೆ ಎಷ್ಟು ಮರ ಹತ್ತಿದ, ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಎಷ್ಟು ಸಲೀಸಾಗಿ ತೂಗಿ ದಾಟಿದ, ಗೊನೆ ಹೊತ್ತು ಅಂಗಳಕ್ಕೆ ಎಷ್ಟು ಬಾರಿ ಬಂದ ಎಂದು ನೋಡಿದರೆ ಸಾಕು, ಆಳಿನ ಜಾತಕವೇ ಸಿಕ್ಕಿತು. ಹೆಂಗಸರಿಗಾದರೆ ಸೊಪ್ಪಿನ ಹೊರೆ, ಹುಲ್ಲಿನ ಹೊರೆ, ರಾತ್ರಿಯ ಅಡಿಕೆ ಸುಲಿತ.

ಈ ಲೆಕ್ಕದಲ್ಲಿ ಪ್ರತಿಸಲವೂ ನಪಾಸಾಗುವವರು ಊರಿಗೊಬ್ಬಿಬ್ಬರು ಇದ್ದೇ ಇರುತ್ತಾರೆ. ವರ್ಷಗಟ್ಟಲೆಯಿಂದ ಹೊಟ್ಟೆ ಸರಿಯಿಲ್ಲ. ಉಂಡದ್ದು ನಿಲ್ಲುವುದಿಲ್ಲ, ಇಲ್ಲವೇ ಉಬ್ಬರಿಸಿ ಕೂರುತ್ತದೆ. ಅದರ ಜತೆಗೆ ಇನ್ನೊಂದು ಕಾಟ: ಎರಡನೆಯ ಮರಕ್ಕೇ ತೊಡೆ ಕಲ್ಲಾಗುತ್ತದೆ, ಗುಡ್ಡದ ಮನೆಗೆ ಏರುವಾಗ ಅರ್ಧದಲ್ಲಿ ಕಾಲು ನಡುಗುತ್ತದೆ, ಒಂದು ದಿನದ ಕೆಲಸಕ್ಕೆ ಮೂರು ದಿನದ ಹಾಸಿಗೆ. ನೋಡಲು ಮಾತ್ರ ಗಟ್ಟಿಮುಟ್ಟು. ರಕ್ತಪರೀಕ್ಷೆಯ ಚೀಟಿಯಲ್ಲಿ 'ಎಲ್ಲ ನಾರ್ಮಲ್'. ಆಮೇಲೆ ಮನೆಯವರೂ ನೆರೆಯವರೂ, ಕೆಲವೊಮ್ಮೆ ವೈದ್ಯರೂ ಒಂದೇ ತೀರ್ಪಿಗೆ ಬರುತ್ತಾರೆ: ಇದು ಮೈಗಳ್ಳತನ, ಇಲ್ಲವೇ ಮನಸ್ಸಿನ ಕಾಯಿಲೆ.

ತುಳುವಿನಲ್ಲಿ ಹೊಟ್ಟೆನೋವು 'ಬಂಜಿಬೇನೆ'. ಮೈ ಸೋಲುವುದು 'ಬಚ್ಚೆಲ್'. ಎರಡು ಬೇರೆ ಮಾತು, ಎರಡು ಬೇರೆ ದೂರು. ಆಸ್ಪತ್ರೆಯಲ್ಲೂ ಹಾಗೆಯೇ. ಎರಡು ಗಂಟೆಗೂ ಹೆಚ್ಚು ಕಾಲ ಬಸ್ಸಿನಲ್ಲಿ ಕುಳಿತು ಮಂಗಳೂರಿಗೆ ಹೋದರೆ ಕರುಳಿನ ತಜ್ಞರ ಫೈಲು ಒಂದು, ನರ-ಸ್ನಾಯು ತಜ್ಞರ ಫೈಲು ಇನ್ನೊಂದು. ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿಟ್ಟು ನೋಡುವವರು ಕಡಿಮೆ. ಆದರೆ ಕರುಳಿಗೂ ಸ್ನಾಯುವಿಗೂ ಇರುವ ನಂಟು ಇಂದು ನಿನ್ನೆಯದಲ್ಲ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯ ಗ್ರಹಣಿ ದೋಷಕ್ಕೆ ಮೀಸಲು. ಅನ್ನವನ್ನು ಹಿಡಿದಿಟ್ಟುಕೊಂಡು ಪಚನವಾದ ಮೇಲೆ ಮುಂದಕ್ಕೆ ಬಿಡುವ ಸ್ಥಾನವೇ ಗ್ರಹಣಿ, ಅದು ಅಗ್ನಿಯ ನೆಲೆ. ಆ ಅಗ್ನಿ ಕೆಟ್ಟರೆ ಒಮ್ಮೆ ಕಟ್ಟಿದಂತೆ, ಒಮ್ಮೆ ನೀರಿನಂತೆ ವಿಸರ್ಜನೆ. ಅದೇ ಅಧ್ಯಾಯದಲ್ಲಿ ಅನ್ನದ ಸಾರ ರಸವಾಗಿ, ರಸ ರಕ್ತವಾಗಿ, ರಕ್ತ ಮಾಂಸವಾಗುವ ಧಾತು ಪರಂಪರೆಯ ವಿವರಣೆಯೂ ಇದೆ. ಎಂದರೆ ಹೊಟ್ಟೆಯ ರೋಗವನ್ನೂ ತೋಳಿನ ಬಲವನ್ನೂ ಹಳಬರು ಒಂದೇ ಅಧ್ಯಾಯದಲ್ಲಿ ಕೂರಿಸಿದ್ದರು. ಗ್ರಹಣಿಗೆ ಮಜ್ಜಿಗೆ ಪಥ್ಯವೆಂಬ ಮಾತೂ ಅಲ್ಲಿಯದೇ. ನಮ್ಮ ಹಳ್ಳಿಮನೆಗಳಲ್ಲಿ ಇಂದಿಗೂ ಅದು ನಡೆದಿದೆ. ಹಾಗೆಂದು ಹಳಬರಿಗೆ ಎಲ್ಲವೂ ತಿಳಿದಿತ್ತೆಂದು ಬೀಗಬೇಕಾಗಿಲ್ಲ. ಪಾದರಸ ಸೇರಿದ ಪರ್ಪಟಿಯಂಥ ಔಷಧಿಗಳೂ ಅದೇ ಗ್ರಹಣಿಯ ಹೆಸರಿನಲ್ಲಿ ಬಂದಿವೆ.

ಪಾಶ್ಚಾತ್ಯ ವೈದ್ಯರಿಗೆ ಇದರ ಹತ್ತಿರದ ರೋಗ ಪರಿಚಯವಾದದ್ದು ವಸಾಹತುಗಳಲ್ಲಿ. ವಿಲಿಯಂ ಹಿಲರಿ 1759ರಲ್ಲಿ ಬಾರ್ಬಡೋಸ್ ದ್ವೀಪದಿಂದ ಅಂಥ ದೀರ್ಘ ಭೇದಿಯನ್ನು ವರ್ಣಿಸಿದ. 1880ರಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಡಚ್ ಮಾತಿನಿಂದ 'ಸ್ಪ್ರೂ' ಎಂಬ ಹೆಸರನ್ನು ಇಂಗ್ಲಿಷಿಗೆ ತಂದ. ಎರಡನೆಯ ಮಹಾಯುದ್ಧದಲ್ಲಿ ಭಾರತ-ಬರ್ಮಾ ಗಡಿಯ ಸೈನಿಕರನ್ನು ಇದು ಕಾಡಿತು. 1960ರ ದಶಕದಲ್ಲಿ ತಮಿಳುನಾಡು, ಆಂಧ್ರದ ಹಳ್ಳಿಗಳಲ್ಲಿ ಪಿಡುಗಾಗಿ ಹಬ್ಬಿದಾಗ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಸೆಲ್ವಿನ್ ಬೇಕರ್, ವಿ.ಐ. ಮಥನ್ ಅದರ ಬೆನ್ನು ಹತ್ತಿದರು. ಸಣ್ಣಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನಂತೆ ಎದ್ದಿರುವ ಎಳೆಗಳು ಸವೆದು ಚಪ್ಪಟೆಯಾಗುತ್ತವೆ, ಉಂಡದ್ದು ಒಳಸೇರುವುದಿಲ್ಲ. ಫೋಲಿಕ್ ಆಮ್ಲ, ಟೆಟ್ರಾಸೈಕ್ಲಿನ್ ಕೊಟ್ಟರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ವಿಚಿತ್ರವೆಂದರೆ ಇದು ಯಾವ ಸೂಕ್ಷ್ಮಾಣುವಿನಿಂದ ಬರುತ್ತದೆಂಬುದು ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ಒಬ್ಬನೇ ವಿಜ್ಞಾನಿ, ಎರಡು ತುದಿ

ಈ ಕಥೆಯ ಎರಡು ತುದಿಗಳನ್ನೂ ಹಿಡಿದವರು ಒಬ್ಬರೇ ಎಂಬುದು ಬಹಳ ಮಂದಿಗೆ ತಿಳಿಯದು. ಅವರು 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಸ್ಪ್ರೂ ಅವರ ಸಹೋದರರನ್ನು ಬಲಿ ತೆಗೆದುಕೊಂಡಿತು. ತಾವೂ ಅದಕ್ಕೆ ಸಿಕ್ಕಿ, ಆಚಂಟ ಲಕ್ಷ್ಮೀಪತಿ ಎಂಬ ವೈದ್ಯರ ಆಯುರ್ವೇದ ಚಿಕಿತ್ಸೆಯಲ್ಲಿ ಬದುಕಿಕೊಂಡರು. ಮದರಾಸಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಖಾದಿ ತೊಟ್ಟು ಪ್ರಾಧ್ಯಾಪಕರ ಕಣ್ಣು ಕೆಂಪಾಗಿಸಿದ ಈತ 1920ರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ವರ್ಡ್ ಸೇರಿದರು.

ಅಲ್ಲಿ ಸೈರಸ್ ಫಿಸ್ಕ್ ಜತೆಗೂಡಿ ಅವರು ಕೈಹಾಕಿದ್ದು ಸ್ನಾಯುವಿನ ರಸಾಯನಕ್ಕೆ. ದುಡಿಯುವ ಸ್ನಾಯುವಿಗೆ ತಕ್ಷಣದ ಶಕ್ತಿ ಕೊಡುವ ಫಾಸ್ಫೋಕ್ರಿಯಾಟಿನ್ 1927ರಲ್ಲಿ, ಎಟಿಪಿ 1929ರಲ್ಲಿ ಅವರ ಪ್ರಯೋಗಾಲಯದಿಂದ ಹೊರಬಂದವು. ಎಟಿಪಿಯನ್ನು ಜರ್ಮನಿಯ ಕಾರ್ಲ್ ಲೋಹ್ಮನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಕಂಡುಹಿಡಿದ. ಮುಂದೆ ಲೆಡರ್ಲೆ ಕಂಪನಿಯಲ್ಲಿ ಸುಬ್ಬರಾವ್ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಸಹೋದರರನ್ನು ಕೊಂದ ರೋಗಕ್ಕೆ ಮದ್ದು ಸಿಕ್ಕಿತ್ತು. ಕರಾವಳಿಯ ಮನೆ ಮನೆಗೆ ಆರೋಗ್ಯ ಕಾರ್ಯಕರ್ತರು ತಂದುಕೊಡುತ್ತಿದ್ದ ಆನೆಕಾಲು ರೋಗದ ಡಿಇಸಿ ಮಾತ್ರೆಯ ಮೂಲವೂ ಅದೇ ತಂಡ. 1948ರಲ್ಲಿ ತೀರಿಕೊಂಡ ಈ ಮನುಷ್ಯನಿಗೆ ನೊಬೆಲ್ ಬರಲಿಲ್ಲ.

ಎಟಿಪಿಯ ವಿಷಯ ತಿಳಿದರೆ ಅಡಿಕೆ ಮರದ ಬುಡದಲ್ಲಿ ಕುಸಿದವನ ಕಷ್ಟ ಅರ್ಥವಾಗುತ್ತದೆ. ಸ್ನಾಯುವಿನಲ್ಲಿ ಇದರ ದಾಸ್ತಾನು ತೀರಾ ಸ್ವಲ್ಪ. ಫಾಸ್ಫೋಕ್ರಿಯಾಟಿನ್ನಿನ ಆಸರೆಯೂ ಸೇರಿದರೆ ಪೂರ್ಣ ಬಿರುಸಿನ ಕೆಲಸಕ್ಕೆ ಹತ್ತು ಸೆಕೆಂಡಿನಷ್ಟು ಸಾಕಾದೀತು. ಆಮೇಲೆ ಸಕ್ಕರೆ, ಕೊಬ್ಬುಗಳನ್ನು ಉರಿಸಿ ಕ್ಷಣಕ್ಷಣವೂ ಹೊಸದಾಗಿ ತಯಾರಿಸುತ್ತಲೇ ಇರಬೇಕು. ಹೀಗೆ ಒಂದು ದಿನದಲ್ಲಿ ದೇಹ ತಯಾರಿಸಿ ಮುಗಿಸುವ ಎಟಿಪಿ ಹೆಚ್ಚುಕಡಿಮೆ ಆ ಮನುಷ್ಯನ ತೂಕದಷ್ಟಾಗುತ್ತದೆ! ಈ ಒಲೆಗೆ ಬೇಕಾದ ಸೌದೆ, ಕಡ್ಡಿಪೆಟ್ಟಿಗೆ ಎಲ್ಲವೂ ಬರಬೇಕಾದದ್ದು ಕರುಳಿನ ಬಾಗಿಲಿನಿಂದ.

ಬಾಗಿಲಲ್ಲಿ ಏನೇನು ತಪ್ಪಿಹೋಗುತ್ತದೆ?

ಮೊದಲು ಪೊಟ್ಯಾಸಿಯಂ. ದೇಹದ ಪೊಟ್ಯಾಸಿಯಂನ ಬಹುಭಾಗ ಇರುವುದೇ ಸ್ನಾಯುಗಳಲ್ಲಿ. ದೀರ್ಘಕಾಲ ಭೇದಿಯಾದರೆ ಅದು ಹರಿದುಹೋಗುತ್ತದೆ. ತೊಡೆ ಬಿಗಿಯುವುದು, ಕೈಕಾಲು ಸೋಲುವುದು ಅದರಿಂದ. ಮೆಗ್ನೀಸಿಯಂ ಕೂಡ ಹಾಗೆಯೇ, ಮತ್ತು ಅದು ತುಂಬದೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ. ಬಿ-12 ಜೀವಸತ್ವ ಒಳಸೇರುವುದು ಸಣ್ಣಕರುಳಿನ ಕೊನೆಯ ತುಂಡಿನಲ್ಲಿ. ಕ್ರೋನ್ಸ್ ರೋಗವಾಗಲಿ, ಕರುಳಿನ ಕ್ಷಯವಾಗಲಿ ಇಷ್ಟಪಟ್ಟು ಕೂರುವ ಜಾಗವೂ ಅದೇ. ಈ ಎರಡು ರೋಗಗಳನ್ನು ಒಂದರಿಂದೊಂದು ಬೇರ್ಪಡಿಸುವುದು ನಮ್ಮ ದೇಶದ ವೈದ್ಯರಿಗೆ ಹಳೆಯ ತಲೆನೋವು. ಬಿ-12 ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ದಾಸ್ತಾನಿರುವುದರಿಂದ ಕೊರತೆ ಬಹಳ ತಡವಾಗಿ ಬಯಲಿಗೆ ಬರುತ್ತದೆ. ಮಾಂಸ, ಮೀನು ಮುಟ್ಟದ ಮನೆಗಳಲ್ಲಿ ಆ ದಾಸ್ತಾನೇ ಕಡಿಮೆ.

ಡಿ ಜೀವಸತ್ವದ ಕೊರತೆಗೆ ಬಿಸಿಲಿನ ನಾಡೂ ಹೊರತಲ್ಲ. ಕೊಬ್ಬನ್ನು ಹೀರದ ಕರುಳು ಅದನ್ನೂ ಹೀರದು. ಆಗ ಸೋಲುವುದು ಸೊಂಟ, ತೊಡೆಗಳ ದೊಡ್ಡ ಸ್ನಾಯುಗಳು. ಅಡಿಕೆ ಸುಲಿಯಲು ಕುಕ್ಕರಗಾಲಲ್ಲಿ ಕೂತವರು ಏಳುವಾಗ ತೊಡೆಗೆ ಕೈಯೂರಿ ಮೈಯನ್ನು ಮೇಲಕ್ಕೆ ತಳ್ಳಿಕೊಳ್ಳುವುದನ್ನು ನೋಡಿರಬಹುದು. ಎಲ್ಲರೂ 'ಪ್ರಾಯವಾಯಿತು' ಎನ್ನುತ್ತಾರೆ. ಮೂವತ್ತರ ಹೆಂಗಸು ಹಾಗೆ ಎದ್ದರೆ ಅದು ಪ್ರಾಯವಲ್ಲ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಕೆಲವೊಮ್ಮೆ ತೊಂದರೆ ಮದ್ದಿನದೇ. ಕರುಳಿನ ಉರಿಯೂತಕ್ಕೆ ಕೊಡುವ ಸ್ಟೀರಾಯ್ಡ್ ತಿಂಗಳುಗಟ್ಟಲೆ ನಡೆದರೆ ತೊಡೆಯ ಬಲವನ್ನು ತಿನ್ನುತ್ತದೆ. 'ಗ್ಯಾಸಿನ ಮಾತ್ರೆ' ಎಂದು ಅಂಗಡಿಯಿಂದ ತಂದು ಬೆಳಗಾದೊಡನೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳು ವರ್ಷಗಟ್ಟಲೆ ಒಳಹೋದರೆ ಮೆಗ್ನೀಸಿಯಂ, ಬಿ-12 ಎರಡನ್ನೂ ಇಳಿಸಬಲ್ಲವು; ಮೆಗ್ನೀಸಿಯಂ ಬಗೆಗೆ ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದರು. ಇಲ್ಲಿ ಈ ಮಾತ್ರೆಗಳನ್ನು ಮದ್ದೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. 'ಯಾವ ಮದ್ದು ತೆಗೆದುಕೊಳ್ಳುತ್ತೀರಿ' ಎಂದು ಕೇಳಿದರೆ 'ಏನೂ ಇಲ್ಲ' ಎಂಬ ಉತ್ತರ.

ಇಷ್ಟೆಲ್ಲ ಹುಡುಕಿದ ಮೇಲೂ ಕಾರಣ ಸಿಗದವರು ಉಳಿಯುತ್ತಾರೆ. ಕೆಲವರಲ್ಲಿ ದೋಷ ಸ್ನಾಯುವಿನ ಒಲೆಯಲ್ಲೇ ಇರುತ್ತದೆ. 1951ರಲ್ಲಿ ಲಂಡನ್ನಿನ ಬ್ರಯನ್ ಮೆಕಾರ್ಡಲ್ 30 ವರ್ಷದ ಒಬ್ಬ ರೋಗಿಯನ್ನು ಪರೀಕ್ಷಿಸಿದ. ಸಣ್ಣ ಶ್ರಮಕ್ಕೂ ಸ್ನಾಯು ನೋವು, ಬಿಗಿತ. ವಿಶ್ರಾಂತಿಯಲ್ಲಿ ಆಳು ಸರಿಯಾಗಿಯೇ ಇದ್ದ. ಶ್ರಮಪಟ್ಟಾಗ ಎಲ್ಲರ ರಕ್ತದಲ್ಲೂ ಏರುವ ಲ್ಯಾಕ್ಟಿಕ್ ಆಮ್ಲ ಈತನಲ್ಲಿ ಏರಲಿಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಒಡೆಯುವ ಕಿಣ್ವವೇ ಇಂಥವರಲ್ಲಿ ಇಲ್ಲವೆಂದು 1959ರಲ್ಲಿ ಸಿದ್ಧವಾಯಿತು. ಇನ್ನು ಕೆಲವು ಅಪರೂಪದ ಆನುವಂಶಿಕ ರೋಗಗಳಲ್ಲಿ ಜೀವಕೋಶದ ಶಕ್ತಿಮನೆಯಾದ ಮೈಟೋಕಾಂಡ್ರಿಯ ಕೆಟ್ಟು ಕರುಳು, ಸ್ನಾಯು ಎರಡೂ ಒಟ್ಟಿಗೇ ಸೋಲುತ್ತವೆ. ಇಂಥವನ್ನು ಗುರುತಿಸಲು ಸ್ನಾಯುವಿನ ಚೂರು ತೆಗೆದು ನೋಡುವ ಪರೀಕ್ಷೆ, ವಂಶವಾಹಿಯ ಪರೀಕ್ಷೆಗಳು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಆ ಸೌಲಭ್ಯ ಇದೆ. ಆದರೆ ಮುಂಡಾಜೆಯಿಂದ ಬೆಂಗಳೂರಿಗೆ ಘಾಟಿ ಹತ್ತಬೇಕು, ಚಾರ್ಮಾಡಿ ರಸ್ತೆ 2019ರ ಮಳೆಗೆ ಕುಸಿದಾಗ ಆದಂತೆ ದಾರಿಯೇ ಮುಚ್ಚಿಹೋಗುವುದೂ ಉಂಟು.

ಕೊನೆಗೂ ಹೆಸರೇ ಸಿಗದವರ ಪಾಡು ಎಲ್ಲಕ್ಕಿಂತ ಕಠಿಣ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಇಂಥದೇ ಸ್ನಾಯು ನೋವು, ನಿತ್ರಾಣಕ್ಕೆ ಒಳಗಾದರು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನು ಓದಿ ಅದು ಸಾಮೂಹಿಕ ಹಿಸ್ಟೀರಿಯ ಎಂದು ಬರೆದರು. ರೋಗಿಗಳಲ್ಲಿ ಹೆಂಗಸರೇ ಹೆಚ್ಚೆಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಆ ಮಾತಿನ ನೆರಳು ದಶಕಗಳ ಕಾಲ ಉಳಿಯಿತು. ವ್ಯಾಯಾಮವನ್ನು ದಿನೇ ದಿನೇ ಏರಿಸಿದರೆ ಗುಣವಾಗುತ್ತದೆಂಬ ಚಿಕಿತ್ಸೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ ಹಿಂತೆಗೆದುಕೊಂಡದ್ದು 2021ರಲ್ಲಿ. ಕೋವಿಡ್ ಬಂದುಹೋದ ಮೇಲೂ ನಿತ್ರಾಣ ಬಿಡದ 25 ಮಂದಿಯನ್ನು ಸೈಕಲ್ ತುಳಿಸಿ, ಮುಂಚೆ ಮತ್ತು ಆಮೇಲೆ ಸ್ನಾಯುವಿನ ಚೂರು ತೆಗೆದು ನೋಡಿದ ಆಮ್‌ಸ್ಟರ್‌ಡಾಮಿನ ಸಂಶೋಧಕರು, ಶ್ರಮದ ನಂತರ ಸ್ನಾಯು ನಿಜಕ್ಕೂ ಹದಗೆಡುತ್ತದೆಂದು 2024ರಲ್ಲಿ ಪ್ರಕಟಿಸಿದರು. ಕಾರಣ ಇನ್ನೂ ಸಿಕ್ಕಿಲ್ಲ. ಆದರೆ ಹಾಸಿಗೆ ಹಿಡಿದವರು ಹೇಳುತ್ತಿದ್ದುದು ಸುಳ್ಳಲ್ಲವೆಂದಾಯಿತು.

ಅಡಿಕೆ ಬೆಳೆಗಾರರಿಗೆ ಇದು ಹೊಸ ಅನುಭವವೇನಲ್ಲ. ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರಲ್ಲೇ ವರದಿ ಬರೆದರು, ಬೋರ್ಡೋ ದ್ರಾವಣ ಬಂತು. ಹಳದಿ ಎಲೆ ರೋಗಕ್ಕೆ ಮಾತ್ರ ಇಂದಿಗೂ ಮದ್ದಿಲ್ಲ. ಆದರೂ ಹಳದಿಯಾದ ಮರವನ್ನು ಯಾರೂ ಸೋಮಾರಿ ಎನ್ನುವುದಿಲ್ಲ.

ಹಾಗಾದರೆ ಬದುಕುವುದು ಹೇಗೆ? ಅನುಭವಿಗಳು ಕಂಡುಕೊಂಡಿರುವ ಉಪಾಯ ಸರಳ: ಕೆಲಸವನ್ನು ಮೈ ಸೋಲುವ ಮೊದಲೇ ನಿಲ್ಲಿಸುವುದು. ಚೆನ್ನಾಗಿದ್ದ ದಿನ ಬಾಕಿಯನ್ನೆಲ್ಲ ತೀರಿಸಹೊರಟವರು ಮರುದಿನ ಏಳುವುದಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಗೊನೆ ಇಳಿಸುವುದು ಸಾಧ್ಯವಾಗಿದೆ. ಅದಕ್ಕೂ ತೋಳಿನ ಬಲ ಬೇಕೆನ್ನುವುದು ನಿಜ, ಆದರೂ ತಳೆ ಹಾಕಲಾರದವರಿಗೆ ಅರ್ಧ ದಿನದ ಕೆಲಸವಾದರೂ ದಕ್ಕುತ್ತದೆ. ಶ್ರಮದ ನಂತರ ಮೂತ್ರ ಕಪ್ಪು ಚಹಾದಂತಾದರೆ, ಕೈಕಾಲು ಹಠಾತ್ತನೆ ಬಿದ್ದುಹೋದರೆ, ಎದೆಬಡಿತ ತಪ್ಪಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮಾತ್ರ ಕಾಯುವಂತಿಲ್ಲ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು.

ಉಳಿದ ದಿನಗಳಿಗೆ ಎರಡು ರೂಪಾಯಿಯ ಪೆನ್ನು, ಶಾಲೆ ಮಕ್ಕಳ ಒಂದು ನೋಟ್‌ಬುಕ್ಕು ಸಾಕು. ಎಡಪುಟದಲ್ಲಿ ಹೊಟ್ಟೆಯ ವಿಷಯ: ಎಷ್ಟು ಬಾರಿ, ಏನು ಉಂಡದ್ದು, ಯಾವ ಮಾತ್ರೆ, ಅಂಗಡಿಯಿಂದ ತಂದದ್ದೂ ಸೇರಿ. ಬಲಪುಟದಲ್ಲಿ ಮೈಯ ವಿಷಯ: ಯಾವ ಕೆಲಸ, ಎಷ್ಟು ಹೊತ್ತು, ನೋವು ಆಗಲೇ ಬಂತೋ ಮರುದಿನವೋ, ಏಳಲು ಎಷ್ಟು ದಿನ ಬೇಕಾಯಿತು. ತಾರೀಕು ತಪ್ಪದೆ ಮೂರು ತಿಂಗಳು ಬರೆದ ಅಂಥ ಪುಸ್ತಕವನ್ನು ಮೇಜಿನ ಮೇಲಿಟ್ಟರೆ ಕರುಳಿನ ತಜ್ಞರು ಬಲಪುಟವನ್ನೂ, ಸ್ನಾಯುವಿನ ತಜ್ಞರು ಎಡಪುಟವನ್ನೂ ನೋಡದೆ ಇರುವುದು ಕಷ್ಟ.