ಜಠರ ಹೋಯ್ತು, ಊಟ ಏನು ಮಾಡೋದು?

ಕಲಬುರಗಿಯ ಐವಾನ್-ಎ-ಶಾಹಿ ಕಡೆ ಒಂದು ಮನೆ ಅಂದುಕೊಳ್ಳಿ. ಯಜಮಾನರಿಗೆ ಜಠರದ ಕ್ಯಾನ್ಸರ್ ಇತ್ತು. ಆಪರೇಷನ್ ಮಾಡಿ ಇಡೀ ಜಠರವನ್ನೇ ತೆಗೆದಿದ್ದಾರೆ. ಮನೆಗೆ ಬಂದ ದಿನವೇ ಬೀಗರು ಹಾಜರ್. ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಡಜನ್, ಜೊತೆಗೆ ದೊಡ್ಡ ಲೋಟದ ತುಂಬ ಶರಬತ್ತು. "ಭಾಳ ಸೊರಗೀರಿ, ಹೊಟ್ಟಿ ತುಂಬ ಉಣ್ರಿ" ಅನ್ನೋ ಪ್ರೀತಿ ಬೇರೆ. ಹದಿನೈದೇ ನಿಮಿಷ. ಎದೆ ಡವಡವ, ಮೈಯೆಲ್ಲ ಬೆವರು, ತಲೆಸುತ್ತು. ಕ್ಯಾನ್ಸರ್ ಮತ್ತೆ ಬಂತು ಅಂತ ಮನೆಮಂದಿಗೆಲ್ಲ ಗಾಬರಿ.

ಇದು ಬಹುತೇಕ ಸಲ ಕ್ಯಾನ್ಸರ್ ಅಲ್ಲ, ಶರಬತ್ತಿನ ಕೆಲಸ. ಜಠರ ಅಂದ್ರೆ ಬರೀ ಚೀಲ ಅಲ್ಲ, ಕಾವಲುಗಾರ. ಉಂಡದ್ದನ್ನು ಅರೆದು, ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುತ್ತೆ. ಅದನ್ನು ತೆಗೆದಾಗ ಅನ್ನನಾಳವನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸ್ತಾರೆ. ಸಿಹಿ ನೀರು ದಬಕ್ಕಂತ ಕೆಳಗಿಳಿದ್ರೆ ರಕ್ತದಲ್ಲಿರೋ ನೀರನ್ನು ಕರುಳು ತನ್ನ ಕಡೆ ಎಳಕೊಳ್ಳುತ್ತೆ. ವೈದ್ಯರು ಇದಕ್ಕೆ ಡಂಪಿಂಗ್ ಅಂತಾರೆ. ಉಪಾಯ ಸರಳ: ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ, ನೀರು ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಆಮೇಲೆ. ಶುರುವಿನಲ್ಲಿ ಕಡಕ್ ರೊಟ್ಟಿ ಬೇಡ, ಮೆತ್ತಗೆ ಬೆಂದ ಜೋಳದ ನುಚ್ಚು, ತೊಗರಿಬೇಳೆ, ಮೊಟ್ಟೆ, ಮೊಸರು ಸಾಕು. ಕೆಂಪು ಬಾಳೆಹಣ್ಣನ್ನೂ ತಿನ್ನಲಿ ಬಿಡಿ, ಒಂದೆರಡು ತುಂಡು.

ಆದ್ರೆ ನನಗೆ ಹೆಚ್ಚು ಭಯ ಇರೋದು ಕಾಣದ ತೊಂದರೆ ಬಗ್ಗೆ. ಅದು ಬಿ12. ಈ ಜೀವಸತ್ವವನ್ನು ದೇಹ ಹೀರಿಕೊಳ್ಳಬೇಕಾದ್ರೆ ಜಠರದ ಗೋಡೆಯಲ್ಲಿ ಹುಟ್ಟೋ ಒಂದು ವಸ್ತು ಬೇಕೇ ಬೇಕು. ಇದನ್ನು 1929ರಲ್ಲಿ ತೋರಿಸಿದವರು ಬಾಸ್ಟನ್ನಿನ ವೈದ್ಯ ವಿಲಿಯಂ ಕ್ಯಾಸಲ್. ತಾವು ತಿಂದ ಮಾಂಸವನ್ನೇ ಹೊರಗೆ ತೆಗೆದು ರೋಗಿಗಳಿಗೆ ಕೊಟ್ಟು ಪರೀಕ್ಷೆ ಮಾಡಿದ ಪುಣ್ಯಾತ್ಮ! ಜಠರವೇ ಇಲ್ಲದ ಮೇಲೆ ಹಾಲು, ಮಾಂಸ ಎಷ್ಟು ಕೊಟ್ರೂ ಬಿ12 ಸರಿಯಾಗಿ ಒಳಗೆ ಹೋಗಲ್ಲ.

ಮೋಸ ಎಲ್ಲಿ ಗೊತ್ತಾ? ಯಕೃತ್ತಿನಲ್ಲಿ ಇದರ ದಾಸ್ತಾನು ಕೆಲವು ವರ್ಷಕ್ಕೆ ಆಗೋಷ್ಟಿರುತ್ತೆ. ಹಾಗಾಗಿ ಮೊದಲ ವರ್ಷ ಏನೂ ಅನ್ನಿಸಲ್ಲ. ಎರಡು-ಮೂರು ವರ್ಷ ಆದ ಮೇಲೆ, ಆಪರೇಷನ್ ಎಲ್ಲರೂ ಮರೆತಾಗ, ಪಾದ ಜುಮುಜುಮು, ನಡಿಗೆ ತಡವರಿಕೆ, ಮರೆವು. "ವಯಸ್ಸಾತ್ರಿ" ಅಂತ ಸುಮ್ಮನಾಗ್ತೀವಿ. ಅಷ್ಟರಲ್ಲಿ ನರಕ್ಕೆ ಆದ ಹಾನಿ ಪೂರ್ತಿ ಸರಿಹೋಗದೇ ಇರಬಹುದು. ಇದನ್ನು ತಡೆಯೋದು ಒಂದು ಅಗ್ಗದ ಇಂಜೆಕ್ಷನ್. ವೈದ್ಯರು ಹೇಳಿದ ಅಂತರದಲ್ಲಿ, ಜೀವನಪೂರ್ತಿ.

ಕಬ್ಬಿಣಾಂಶದ್ದೂ ಇದೇ ಗೋಳು. ಆ ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿದ್ರೆ ಮಾತ್ರೆ ದಂಡ. ನಮ್ಮ ಕಡೆ ಚಹಾ ಬಿಡಿ ಅನ್ನೋದು ಕಷ್ಟ, ಎರಡು ಗಂಟೆ ಮುಂದೂಡಿ ಅಷ್ಟೇ. ಮೇದೋಜೀರಕ ಗ್ರಂಥಿ ತೆಗೆದವರ ಕಥೆ ಬೇರೆ. ಅವರ ಮಲ ಜಿಡ್ಡಾಗಿ ತೇಲ್ತಾ ಇದ್ರೆ ಕೊಬ್ಬು ಜೀರ್ಣವಾಗ್ತಿಲ್ಲ ಅಂತರ್ಥ, ಊಟದ ಜೊತೆಗೇ ಕಿಣ್ವದ ಕ್ಯಾಪ್ಸೂಲ್ ಬೇಕಾಗುತ್ತೆ. ಸಣ್ಣ ಕರುಳಿನ ಕೊನೆ ಭಾಗ ಕತ್ತರಿಸಿದ್ರೆ ಅಲ್ಲೂ ಬಿ12 ಪ್ರಶ್ನೆ ಏಳುತ್ತೆ, ಅದು ಹೀರಲ್ಪಡೋದೇ ಅಲ್ಲಿ.

ಅದಕ್ಕೇ ಡಿಸ್ಚಾರ್ಜ್ ದಿನ ಬಿಲ್ ಕಟ್ಟಿ ಓಡಿಬರಬೇಡಿ. ಯಾವ ಭಾಗ ತೆಗೆದ್ರಿ, ಎಷ್ಟು ತೆಗೆದ್ರಿ, ಬಿ12 ಯಾವಾಗಿಂದ ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಇಂಜೆಕ್ಷನ್ ತಾರೀಖನ್ನು ಮನೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ.